ಸೋದರಮಾವನ ಕಲಮು

ಬನಹಟ್ಟಿಯ ನಮ್ಮ ಮನೆಯ ಪಡಸಾಲೆಯಲ್ಲಿ ಆ ಮಧ್ಯಾಹ್ನ ಮೂವರಿದ್ದೆವು. ನಾನು, ಶೇಂಗಾ ಸುಲಿಯುತ್ತಿದ್ದ ಅವ್ವ, ರಬಕವಿಯಿಂದ ಬಂದಿದ್ದ ಅವ್ವನ ತಾಯಿ, ಅಂದರೆ ನಮ್ಮ ಆಯಿ. ಒಳಗೆ ಅಪ್ಪನ ಮಗ್ಗ ಖಟಖಟ ನಡೆದಿತ್ತು. ಮರುದಿನ ಬೆಳಿಗ್ಗೆ ಜಮಖಂಡಿಯಲ್ಲಿ ನನಗೆ ಹಿಂದೂ ಕಾನೂನಿನ ಪರೀಕ್ಷೆ. ಒಮ್ಮೆ ಕೂತು ಫೇಲಾದ ವಿಷಯ. ಈ ಸಲವೂ ಹೋದರೆ ಕೊನೆಯ ವರ್ಷಕ್ಕೆ ಸೇರಿಸಿಕೊಳ್ಳುವುದಿಲ್ಲ ಎಂದು ಕಾಲೇಜಿನವರು ಹೇಳಿದ್ದರು.

ಹೋದ ಸಲ ತೆರೆಯದ ಮದುವೆಯ ಪಾಠವನ್ನು ಈ ಸಲವೂ ಕೊನೆಗೆ ಉಳಿಸಿಕೊಂಡಿದ್ದೆ. ಲಗ್ನದ ಮಾತು ಕೇಳಿಕೊಂಡೇ ಬೆಳೆದವಳಿಗೆ ಅದರಲ್ಲಿ ಓದುವುದೇನಿದೆ ಅಂತ. ಈಗ ಪುಟ ತೆರೆದರೆ, ಯಾರು ಯಾರನ್ನು ಮದುವೆಯಾಗಬಾರದು ಎಂಬ ಕಲಮಿನಲ್ಲಿ ಸೋದರಮಾವ ಮತ್ತು ಅಕ್ಕನ ಮಗಳು! ಅಂಥ ಮದುವೆ ಶೂನ್ಯ, ಅಂದರೆ ಆಗಿಯೇ ಇಲ್ಲ. ನಮ್ಮಪ್ಪ ಆಯಿಯ ಸ್ವಂತ ತಮ್ಮ. ಅಕ್ಕನ ಮಗಳನ್ನೇ ಕಟ್ಟಿಕೊಂಡವನು.

“ಅವ್ವಾ, ಕಾಯ್ದೆ ಪ್ರಕಾರ ನಿಮ್ಮ ಲಗ್ನ ಆಗೇ ಇಲ್ಲಂತ,” ಎಂದೆ.

“ಯಾಂವಲೇ ಹೇಳಿದಾಂವ?” ಆಯಿ ನೆಟ್ಟಗೆ ಕೂತಳು. “ನಾನ ನಿಂತ ಅಕ್ಕಿಕಾಳ ಹಾಕೇನಿ!”

ಗದ್ದಲ ಕೇಳಿ ಅಪ್ಪ ಮಗ್ಗ ನಿಲ್ಲಿಸಿ ಬಂದ. ತಲೆಯ ತುಂಬ ನೂಲಿನ ಧೂಳು.

“ಕೇಳಿದ್ರೇನ್ರಿ? ನಮ್ಮ ಲಗ್ನ ಆಗಿಲ್ಲಂತ. ನಿಮ್ಮ ಮಗಳು ಹೇಳಾಕತ್ತಾಳ,” ಎಂದಳು ಅವ್ವ.

“ಹಂಗಾರ ನಿಮ್ಮವ್ವನ ಮನಿಗೆ ನಡಿ ನೀ.”

“ಅದೂ ನಿಮ್ಮ ಅಕ್ಕನ ಮನೀನ ಅಲ್ಲೇನ್ರಿ?”

ಮೂವರೂ ನಕ್ಕರು. ನನಗೆ ನಗು ಬರಲಿಲ್ಲ. ಮತ್ತೆ ನೋಡಿದರೆ, ಎರಡೂ ಕಡೆಯವರಲ್ಲಿ ಅಂಥ ರೂಢಿಯಿದ್ದರೆ ಮದುವೆ ಸಿಂಧು ಎಂದು ಅದೇ ಪುಟದ ಕೆಳಗಿತ್ತು. ಅವಸರದಲ್ಲಿ ಆ ಸಾಲನ್ನೇ ಹಾರಿಸಿದ್ದೆ. ಖರೆ ದಿಗಿಲು ಹತ್ತಿದ್ದು ಆಗ. ನಮ್ಮ ಮನೆಯ ಸಂಗತಿಯನ್ನೇ ಹೀಗೆ ಓದಿದವಳು ದತ್ತಕ, ಜೀವನಾಂಶ, ಆಸ್ತಿಯ ಪಾಲು ಇವನ್ನೆಲ್ಲ ಹೇಗೆ ಓದಿರಬೇಡ? ಮೊದಲಿನಿಂದ ಪುಟ ತಿರುವಿದೆ. ಗುರುತು ಹಾಕಿದ ಸಾಲುಗಳೂ ಯಾರೋ ಬೇರೆಯವರು ಓದಿದಂತೆ ಕಂಡವು. “ಚಾ ಕುಡೀಬೇ, ಆರಾಕತ್ತೈತಿ,” ಎಂದು ಅವ್ವ ಎರಡು ಸಲ ಅಂದಳು. ಕಪ್ಪಿನಲ್ಲಿ ಕೆನೆಗಟ್ಟಿತು.

ಮರುದಿನ ಪ್ರಶ್ನೆಪತ್ರಿಕೆಯಲ್ಲಿ ಸೋದರಮಾವನ ಸುದ್ದಿಯೇ ಇರಲಿಲ್ಲ. ದತ್ತಕ ಬಂದಿತ್ತು, ಜೀವನಾಂಶ ಬಂದಿತ್ತು. ಪ್ರತಿ ಉತ್ತರ ಮುಗಿದಾಗಲೂ ಕೆಳಗೆ ಇನ್ನೊಂದು ಸಾಲು ಬಿಟ್ಟೆನೇನೋ ಎಂದು ಪ್ರಶ್ನೆಯನ್ನು ಮತ್ತೆ ಮೊದಲಿನಿಂದ ಓದುತ್ತಿದ್ದೆ.

ಫಲಿತಾಂಶ ಬಂದಾಗ ಪಾಸಾಗಿದ್ದೆ. ಕೊನೆಯ ವರ್ಷಕ್ಕೆ ಹೆಸರು ಹಚ್ಚಲು ಅವ್ವನೂ ನನ್ನ ಜೊತೆ ಜಮಖಂಡಿಯ ಬಸ್ಸು ಹತ್ತಿದಳು.