ಸ್ಕ್ಯಾನರ್ ಹುಡುಕಿದ್ದು ಯಾಕೆಂದರೆ

ದೋಹಾದಲ್ಲಿ ನಮ್ಮೂರ ಕಡೆಯವರು ಯಾರಾದರೂ ತೀರಿಕೊಂಡರೆ ಆಸ್ಪತ್ರೆ, ರಾಯಭಾರ ಕಚೇರಿ ಅಂತ ಓಡಾಡುವ ಐವರಲ್ಲಿ ನಾನೂ ಒಬ್ಬ. ಹೆಣವನ್ನು ಊರಿಗೆ ಕಳಿಸುವುದು ಹೇಗೋ ಆಗುತ್ತದೆ. ಮನೆಯವರಿಗೆ ಎದುರು ಕೂತು ಸುದ್ದಿ ಹೇಳುವುದೇ ಆಗುವುದಿಲ್ಲ. ಅಷ್ಟರಲ್ಲಿ ವಾಟ್ಸಾಪ್ ಹೇಳಿಬಿಟ್ಟಿರುತ್ತದೆ. ಹೋದ ವರ್ಷ ಒಬ್ಬ ಹೆಂಗಸು ಗಂಡನ ಸಾವನ್ನು ತಿಳಿದದ್ದು ಜಜ್ಜಿಹೋದ ಪಿಕಪ್‌ನ ಫೋಟೊದಲ್ಲಿ, ನಂಬರ್ ಪ್ಲೇಟ್ ನೋಡಿ. ಫೋಟೊ ಹಾಕಿದವನನ್ನು ಹುಡುಕಿ ಬಾಯಿಗೆ ಬಂದಂತೆ ಬೈದೆ. ಅವನಿಗೇನು, ಸಾರಿ ಅಂದ.

ಆಗ ತಲೆಗೆ ಹೊಕ್ಕದ್ದು ಈ ಸ್ಕ್ಯಾನರ್. ಪೊಲೀಸರು, ಆಂಬುಲೆನ್ಸಿನವರು ವೈರ್‌ಲೆಸ್ಸಿನಲ್ಲಿ ಆಡುವ ಮಾತು ಕೇಳಿಸಿದರೆ ಈ ಹಾಳು ಫೋನುಗಳಿಗಿಂತ ಮೊದಲು ನಾನು ಆ ಮನೆ ಬಾಗಿಲಲ್ಲಿರಬಹುದಲ್ಲ! ವೆಸ್ಟ್ ಬೇಯಲ್ಲಿ ವೈರ್‌ಲೆಸ್ ಕೆಲಸ ಮಾಡುವ ಮೈಸೂರಿನ ಗೆಳೆಯನನ್ನು ಮುಶೈರಿಬ್‌ನ ಚಹಾದಂಗಡಿಗೆ ಕರೆಸಿ, ಫೋನಿನಲ್ಲಿ ಎರಡು ಮಾಡೆಲ್ ತೋರಿಸಿದೆ.

"ಈ ಚಿಕ್ಕದು ಬೇಡ ಸಾರ್. ಹಳೇ ಕಾಲದ್ದು, ಡಿಜಿಟಲ್ ಹಿಡಿಯೋದೇ ಇಲ್ಲ."

"ದೊಡ್ಡದು?"

"ಹಿಡಿಯುತ್ತೆ. ಆದ್ರೆ ಇಲ್ಲಿಯವರ ಮಾತಿಗೆಲ್ಲ ಬೀಗ ಹಾಕಿರ್ತಾರೆ. ನಿಮಗೆ ಗರಗರ ಅಷ್ಟೇ. ಪರ್ಮಿಷನ್ ಇಲ್ದೆ ಇಟ್ಕೊಂಡು ಸಿಕ್ಕಿಬಿದ್ರೆ ಖಲಾಸ್."

"ಎಂತ ಮಾರಾಯ, ನನಗೆ ಆಗುವಂಥದ್ದು ಒಂದೂ ಇಲ್ಲವಾ?"

"ಮಾಫಿ ಸಾರ್, ಒಂದೂ ಇಲ್ಲ."

ಸಿಟ್ಟು ನೆತ್ತಿಗೇರಿತು. ಅವನ ಮೇಲೆ ಯಾಕೆ ರೇಗಿದೆನೋ, ಪಾಪ. ಅಷ್ಟರಲ್ಲಿ ಆಸ್ಪತ್ರೆಯ ಪರಿಚಯದ ಮಲಯಾಳಿಯ ಫೋನು. ಕಟ್ಟಡದ ಮೇಲಿಂದ ಬಿದ್ದವನೊಬ್ಬ ತೀರಿಕೊಂಡಿದ್ದಾನೆ, ನಿಮ್ಮ ಕಡೆಯವನೇ, ಇನ್ನೂ ಯಾರಿಗೂ ಹೇಳಿಲ್ಲ ಅಂದ. ಹೆಸರು ಕೇಳಿದರೆ ನನಗೆ ಗೊತ್ತಿದ್ದ ಹುಡುಗನೇ. ಮದುವೆಯಾಗಿ ವರ್ಷವಾಗಿಲ್ಲ, ಹೆಂಡತಿ ಅಲ್ ಅಜೀಜಿಯಾದಲ್ಲಿದ್ದಾಳೆ. ಆದರೂ ಒಂದು ಸಮಾಧಾನ, ಹೇಳಲು ನಾಚಿಕೆಯಾಗುತ್ತದೆ: ಈ ಸಲ ಮೊದಲು ತಿಳಿದದ್ದು ನನಗೆ.

ಕಾಗದಪತ್ರದ ಕೆಲಸ ಶುರುವಾಗಲಿ ಅಂತ ಕಾರು ಹತ್ತುವ ಮೊದಲು ನಮ್ಮ ಐವರ ಗ್ರೂಪಿಗೆ ಎರಡು ಸಾಲು ಹಾಕಿದೆ. ಸಾವಿನ ಸುದ್ದಿಗೆ ನಾವು ಮೊದಲು ಹೇಳುವ ಇನ್ನಾ ಲಿಲ್ಲಾಹಿ, ಕೆಳಗೆ ಅವನ ಹೆಸರು, ಕಂಪನಿ. ಬೆರಳಿಗೆ ಅಭ್ಯಾಸವಾಗಿಹೋಗಿದೆ. ಆಮೇಲೆ ಹಾರ್ನ್ ಒತ್ತುತ್ತಾ, ಸಿಗ್ನಲ್‌ಗಳಿಗೆ ಶಾಪ ಹಾಕುತ್ತಾ ಹೋದೆ.

ಬಾಗಿಲು ತೆರೆದೇ ಇತ್ತು. ಹುಡುಗಿ ಫೋನು ಹಿಡಿದು ನೆಲದ ಮೇಲೆ ಕೂತಿದ್ದಳು. ನನಗೆ ಮೈಯೆಲ್ಲ ಉರಿದುಹೋಯಿತು.

"ಯಾವ ನಾಲಾಯಕ್ಕು ಕಳಿಸಿದ್ದು ಇದನ್ನು?" ಅಂತ ಕಿರುಚಿದೆ.

ಅವಳು ಫೋನು ನನ್ನತ್ತ ಚಾಚಿದಳು. ಊರಿನಿಂದ ಅವಳ ಅಣ್ಣ ಕಳಿಸಿದ ಸ್ಕ್ರೀನ್‌ಶಾಟ್. ಮೇಲೆ ನನ್ನ ಹೆಸರು, ಕೆಳಗೆ ನನ್ನದೇ ಎರಡು ಸಾಲು. ನಾನು ಬರುವಷ್ಟರಲ್ಲಿ ಅದು ಮಂಗಳೂರಿಗೆ ಹೋಗಿ ವಾಪಸು ಬಂದಿತ್ತು.

"ಅಣ್ಣ ಹೇಳಿದ್ದನ್ನು ನಾನು ನಂಬಲಿಲ್ಲ ಕಾಕ," ಅಂದಳು. "ಆದರೆ ಇದು ನೀವೇ ಬರೆದದ್ದಲ್ಲವಾ? ನೀವು ಬರೆದರೆ ಸುಳ್ಳು ಇರ್ಲಿಕ್ಕಿಲ್ಲ, ಅಲ್ಲವಾ?"

ಹೇಗೆ ಹೇಳಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದೆ. "ಹೌದು ಮಗಳೇ" ಅಂದೆ.