ಬೀರುವಿನ ಹಿಂದಿನ ಕಿಟಕಿ

"ಮೇಡಂ, ಓಡ್ ಬನ್ನಿ! ಬೀರು ಹಿಂದೆ ಕಿಟಕಿ ಐತೆ!"

ಆಯುಧಪೂಜೆಯ ಬೆಳಿಗ್ಗೆ ಹೆಬ್ಬಾಳದ ನಮ್ಮ ಕಚೇರಿಯಲ್ಲಿ ಕಸ ಗುಡಿಸುವ ರತ್ನಮ್ಮ ಹಾಗೆ ಕೂಗಿದ್ದೇ ತಡ, ನಾವು ನಾಲ್ವರೂ ಕುರ್ಚಿ ಬಿಟ್ಟು ಓಡಿದೆವು. ಧೂಳು ಹೊಡೆಯಲೆಂದು ಅವರು ಹಳೇ ಕಬ್ಬಿಣದ ಬೀರುವನ್ನು ಸರಿಸಿದ್ದರು. ನಾವೆಲ್ಲ ಕೆಲಸಕ್ಕೆ ಸೇರುವ ಮೊದಲಿನಿಂದಲೂ ಅಲ್ಲೇ ಇದ್ದ ಬೀರು ಅದು. ಅದರ ಹಿಂದೆ ಮರದ ಬಾಗಿಲಿನ ದೊಡ್ಡ ಕಿಟಕಿ! ನಾನೇ ಚಿಲಕ ಎಳೆದೆ. ಬಿಸಿಲು ಸೀದಾ ನನ್ನ ಮೇಜಿನ ಮೇಲೆ ಬಿತ್ತು. ದೂರದಲ್ಲಿ ಕೆರೆಯ ನೀರು ಫಳಫಳ ಹೊಳೆಯುತ್ತಿತ್ತು. ಆರು ವರ್ಷ ಅದೇ ಮೂಲೆಯಲ್ಲಿ, ಟ್ಯೂಬ್‌ಲೈಟ್ ಕೆಳಗೆ, ತಲೆನೋವಿನ ಮಾತ್ರೆ ನುಂಗಿಕೊಂಡು ದುಡಿದಿದ್ದೆ. ಬೇರೆ ಶಾಖೆಗೆ ವರ್ಗಾವಣೆ ಕೇಳಿ ಬರೆದ ಪತ್ರ ಡ್ರಾಯರ್‌ನಲ್ಲಿ ಸಿದ್ಧವಾಗಿತ್ತು.

ಅಷ್ಟರಲ್ಲಿ ಮ್ಯಾನೇಜರ್ ಬಂದು ಬೀರುವನ್ನು ಮೊದಲಿದ್ದ ಕಡೆಗೇ ತಳ್ಳಿ ಎಂದರು. ನನಗೆ ಅಳುವೇ ಬಂದಂತಾಯಿತು. ಆದರೆ ನಾವು ಬಾಯಿಬಿಟ್ಟು ಹೊರಗೆ ನೋಡುತ್ತಿದ್ದಾಗ ರತ್ನಮ್ಮ ತಮ್ಮ ಕೆಲಸ ಮುಗಿಸಿಬಿಟ್ಟಿದ್ದರು.

"ಬೀರುಗೆ ಕುಂಕುಮ ಇಟ್ಟು ಹೂ ಮುಡಿಸ್ಬಿಟ್ಟಿದೀನಿ ಸಾರ್. ಪೂಜೆ ಆಗಿರೋದನ್ನ ಕದಲಿಸ್ಬಾರ್ದು!"

ಮ್ಯಾನೇಜರ್ ಬೀರುವಿಗೇ ಕೈಮುಗಿದರು!

ಹಬ್ಬದ ರಜೆ ಮುಗಿಸಿ ಬಂದಾಗ ನೋಡುತ್ತೇನೆ, ಅವರೇ ಕಾಫಿ ಲೋಟ ಹಿಡಿದು ಕಿಟಕಿಯ ಬಳಿ ನಿಂತಿದ್ದಾರೆ! ಬೀರುವಿನ ಮಾತೇ ಎತ್ತಲಿಲ್ಲ.

ಈಗ ನನ್ನ ಬ್ಯಾಗಿನಲ್ಲಿ ಮಾತ್ರೆ ಇರುವುದಿಲ್ಲ. ಗಾಳಿ ಜೋರಾದರೆ ಮಾತ್ರ ಕಿಟಕಿಯ ಬಾಗಿಲು ಪಟಪಟ ಬಡಿದುಕೊಳ್ಳುತ್ತದೆ. ಅದಕ್ಕೆ ವರ್ಗಾವಣೆಯ ಪತ್ರವನ್ನು ನಾಲ್ಕು ಮಡಿಕೆ ಮಾಡಿ ಸಂದಿಗೆ ಸಿಕ್ಕಿಸಿದ್ದೇನೆ.