ಬೇಸಿಗೆಯ ಹುಲ್ಲಿಗೆ ಬಂದ ನೀರು

ದೆವ್ವ, ಮಾಯೆ ಎಂದು ಸುದ್ದಿ ತಂದವರಿಗೆ, ಕಣ್ಣಾರೆ ಕಂಡವರು ಇಬ್ಬರಾದರೂ ಸಿಕ್ಕರೆ ಬನ್ನಿ ಎಂದು ಹೇಳಿ ಕಳಿಸುತ್ತಿದ್ದವನು ನಾನು. ನಾಸಿಕದ ಪತ್ರಿಕೆಯೊಂದರಲ್ಲಿ ನನ್ನ ಕೆಲಸವೇ ಅದು. ಆದ್ದರಿಂದ ಈಗ ಹೇಳುವುದನ್ನು ನೀವು ನಂಬಬೇಕೆಂದೇನೂ ಇಲ್ಲ.

ನಮ್ಮ ಮನೆಯ ಹಿಂದೆ ಗೋದಾವರಿಯ ದಂಡೆಗುಂಟ ಹುಲ್ಲುಗಾವಲಿದೆ. ಮಳೆಗಾಲದಲ್ಲಿ ನೀರು ಏರುವ ಜಾಗವಾದ್ದರಿಂದ ಅಲ್ಲಿ ಯಾರೂ ಕಟ್ಟಡ ಎಬ್ಬಿಸಿಲ್ಲ. ಸುತ್ತಮುತ್ತ ಉಳಿದಿರುವ ಹಸಿರು ಅದೊಂದೇ. ಹೆಂಡತಿಗೆ ಮೊಣಕಾಲು ನೋವು. ಮೆತ್ತಗಿನ ನೆಲದ ಮೇಲೆ ನಡೆಯಿರಿ ಎಂದು ಡಾಕ್ಟರು ಹೇಳಿದ್ದರು. ಸಂಜೆ ನನ್ನ ತೋಳು ಹಿಡಿದು ಅವಳು ಅಲ್ಲಿ ನಡೆಯುತ್ತಿದ್ದಳು.

ಕೆಲವು ವರ್ಷಗಳ ಹಿಂದಿನ ಬೇಸಿಗೆ. ಹೊಳೆ ಬತ್ತಿ ನಡುವೆ ಒಂದು ಗೆರೆಯಷ್ಟು ನೀರಿತ್ತು. ಆಗಷ್ಟೇ ಹೊತ್ತು ಮುಳುಗಿತ್ತು, ಆಚೆ ಆಡುಗಳು ಮೇಯುತ್ತಿದ್ದವು. ಗಾಳಿಯಿಲ್ಲದೆ ಹುಲ್ಲೆಲ್ಲ ಒಂದೇ ಕಡೆಗೆ ಬಾಗಿತು. ಅದರ ಹಿಂದೆಯೇ ಸದ್ದು. ಅಣೆಕಟ್ಟೆಯ ಬಾಗಿಲು ತೆಗೆದ ಮೇಲೆ ಹೊಳೆಯಲ್ಲಿ ಬರುವ ಆ ಸದ್ದು, ಎಷ್ಟೋ ನೆರೆಗಳ ವರದಿ ಮಾಡಿದ ನನಗೆ ಗೊತ್ತಿರುವುದೇ. ಕೆಂಪು ನೀರು ನಮ್ಮತ್ತ ನುಗ್ಗುವುದನ್ನು ಕಂಡೆ. ಅವಳ ಕೈ ಬಿಡಿಸಿಕೊಂಡು ಓಡಿದೆ.

ದಂಡೆಯ ಮೆಟ್ಟಿಲು ಹತ್ತಿ ತಿರುಗಿದರೆ ಎಲ್ಲೂ ನೀರಿಲ್ಲ. ಆಡುಗಳು ತಲೆಯನ್ನೂ ಎತ್ತಿರಲಿಲ್ಲ. ಹುಲ್ಲಿನ ನಡುವೆ ಅವಳೊಬ್ಬಳೇ ನಿಂತು ನನ್ನನ್ನು ನೋಡುತ್ತಿದ್ದಳು. ಇಳಿದು ಹೋಗಲು ನನಗೆ ಮುಖವಿರಲಿಲ್ಲ. ಅವಳೇ ಕುಂಟುತ್ತ ಬಂದಳು.

"ನಾಯಿ ಬೆನ್ನ ಹತ್ತಿತ್ತೇನ್ರಿ?"

"ನೀರು ಬಂತು," ಎಂದೆ.

"ಈ ಬ್ಯಾಸಿಗ್ಯಾಗ? ಮಾರುತಿಗಿ ಎಲ್ಲಿತನ ಬಂದಿತ್ರಿ ಮತ್ತ?"

ಅವಳ ತವರು ಕಲಬುರಗಿಯ ಕುಟುಕು ಅದು. ಆದರೆ ನಾಸಿಕದಲ್ಲಿ ನೆರೆಯನ್ನು ಅಳೆಯುವುದು ಪಂಚವಟಿಯ ಹೊಳೆದಂಡೆಯಲ್ಲಿ ನಿಂತ ಎತ್ತರದ ಮಾರುತಿ ವಿಗ್ರಹದ ಮೈಮೇಲೆಯೇ: ಮೊಣಕಾಲು, ಸೊಂಟ, ಕೊರಳು. ನಮ್ಮ ತಲೆಬರಹಗಳೂ ಹಾಗೆಯೇ ಇರುತ್ತವೆ. ನಗಲು ಹೋದವನಿಗೆ ಅವಳ ಸೀರೆ ಕಂಡಿತು. ಸೊಂಟದವರೆಗೆ ತೊಯ್ದು ತೊಟ್ಟಿಕ್ಕುತ್ತಿತ್ತು. ನೆರಿಗೆಗಳಲ್ಲಿ ಮರಳು. ನನ್ನ ಪ್ಯಾಂಟಿಗೆ ಒಂದು ಹನಿಯೂ ತಾಕಿರಲಿಲ್ಲ.

ಅವಳೂ ಬಗ್ಗಿ ನೋಡಿಕೊಂಡಳು. ಸೆರಗು ಹಿಂಡುತ್ತ ಮೆಲ್ಲಗೆ ಹೇಳಿದಳು: "ನೀರ್ಗೀರ ನನಗೇನು ಕಾಣಲಿಲ್ರಿ. ನೀವು ಓಡಿದ್ದಷ್ಟ ಕಂಡೆ."

ಈಗಲೂ ಅಲ್ಲಿಗೆ ಹೋಗುತ್ತೇವೆ. ಅವಳು ಕೋಲು ಹಿಡಿದು ನಡೆಯುತ್ತಾಳೆ, ನನ್ನ ತೋಳು ಕೇಳುವುದಿಲ್ಲ. ಮಳೆಗಾಲದಲ್ಲಿ 'ಮಾರುತಿಯ ಸೊಂಟದವರೆಗೆ ನೀರು' ಎಂದು ಬರೆಯುವಾಗ ನನ್ನ ಕೈ ತಡೆಯುತ್ತದೆ. ಆ ಸೀರೆ ಹೇಗೆ ತೊಯ್ಯಿತೆಂದು ಇಂದಿಗೂ ತಿಳಿದಿಲ್ಲ. ನೀರನ್ನು ಕಂಡವನು ನಾನೊಬ್ಬನೇ, ನನ್ನದೇ ನಿಯಮದ ಪ್ರಕಾರ ಅದು ಸುದ್ದಿಯಲ್ಲ. ನಾನು ಓಡಿದ್ದಕ್ಕೆ ಮಾತ್ರ ಇಬ್ಬರು ಸಾಕ್ಷಿಗಳಿದ್ದೇವೆ.